ಬಿಳಿ ಟೊಪ್ಪಿಗೆಯವನ ನೌಕರಿ

ಇಂಥವು ನನಗೇ ಯಾಕೆ ಗಂಟುಬೀಳುತ್ತವೋ ಗೊತ್ತಿಲ್ಲ. ಶಹಾಪುರದ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಝೆರಾಕ್ಸ್, ಪಹಣಿ ಪ್ರಿಂಟು, ಪಾಸ್‌ಪೋರ್ಟ್ ಸೈಜಿನ ಫೋಟೋ, ನಡುನಡುವೆ ಯಾರಾದರೂ ಕೇಳಿದರೆ ವೆಬ್‌ಸೈಟ್. ಝೆರಾಕ್ಸಿಗೆ ಬಂದವರು ಕಾಗದ ಮಡಚಿಕೊಂಡು ಹೋಗುತ್ತಾರೆ, ಅಲ್ಲಿಗೆ ಋಣ ತೀರಿತು. ವೆಬ್‌ಸೈಟಿಗೆ ಬಂದವರು ಮಾತ್ರ ನನ್ನ ನೆಮ್ಮದಿಯನ್ನೂ ಅದರ ಜೊತೆ ಕಟ್ಟಿಸಿಕೊಂಡು ಹೋಗುತ್ತಾರೆ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ವೆಬ್‌ಸೈಟನ್ನು ನಮ್ಮಂಥವರು ಬುಡದಿಂದ ಕಟ್ಟುವುದಿಲ್ಲ. ಸಿದ್ಧ ವಿನ್ಯಾಸ ಸಿಗುತ್ತದೆ, ಅದಕ್ಕೆ ಥೀಮ್ ಅನ್ನುತ್ತೇವೆ. ಅದರೊಳಗೆ ಯಾರದೋ ಫೋಟೋ, ಏನೋ ಬರಹ, ಸುಳ್ಳು ತಾರೀಖು ಎಲ್ಲ ಮೊದಲೇ ತುಂಬಿರುತ್ತಾರೆ. ಅಂಗಡಿಯಲ್ಲಿ ಹೊಸ ಪರ್ಸು ಉಬ್ಬಿ ಕಾಣಲೆಂದು ಒಳಗೆ ಹಳೇ ಪೇಪರ್ ತುರುಕಿರುತ್ತಾರಲ್ಲ, ಹಾಗೆ. ಅದನ್ನು ಒಂದೊಂದಾಗಿ ಕಿತ್ತು ನಮ್ಮ ಸರಕು ತುಂಬುವುದೇ ನನ್ನ ಕೆಲಸ. ಕಷ್ಟವೇನೆಂದರೆ, ನಾನು ಕೀಳುವುದರೊಳಗೆ ಜನ ಆ ಪೇಪರನ್ನು ಓದಿಬಿಡುತ್ತಾರೆ.

ಈ ಸಲ ಓದಿದವರು ನನ್ನ ತಂಗಿಯನ್ನು ಸೊಸೆ ಮಾಡಿಕೊಳ್ಳಬೇಕಾದ ಮನೆಯವರು.

೧. ಕೆಲಸ ಸಿಕ್ಕಿದ್ದು

ಸುರಪುರದಲ್ಲಿ ಒಬ್ಬ ಸಾಹುಕಾರರಿದ್ದಾರೆ. ಹೊಸದಾಗಿ ಒಂದು ಫಂಕ್ಷನ್ ಹಾಲ್ ಕಟ್ಟಿಸಿದ್ದಾರೆ. ಅವರ ಮಗ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ. ಆ ಹುಡುಗನಿಗೂ ನನ್ನ ತಂಗಿಗೂ ಮಾತುಕತೆ ನಡೆದಿತ್ತು. ಹುಡುಗ ಒಪ್ಪಿದ್ದ. ತಂಗಿ ಒಪ್ಪಿದ್ದಳು, ಎಷ್ಟು ಒಪ್ಪಿದ್ದಳೆಂದರೆ ಶಾಲೆಯಲ್ಲಿ ಪಾಠ ಮಾಡುವಾಗಲೂ ಸುಮ್ಮಸುಮ್ಮನೆ ನಗುತ್ತಿದ್ದಳಂತೆ. ಸಾಹುಕಾರರೂ ಒಪ್ಪಿದ್ದರು. ಉಳಿದವರು ಒಬ್ಬರೇ, ಸಾಹುಕಾರರ ತಾಯಿ. ಆ ಮನೆಯಲ್ಲಿ ಎಲ್ಲರೂ ಆಯಿ ಅನ್ನುತ್ತಾರೆ. ಆಯಿ ‘ಹೂಂ’ ಅನ್ನದೆ ಆ ಮನೆಯಲ್ಲಿ ಎಮ್ಮೆ ಕೂಡ ಕರು ಹಾಕುವುದಿಲ್ಲ.

ಹೆಣ್ಣು ನೋಡಿ ಹೊರಡುವಾಗ ಆಯಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಕೇಳಿದರು: “ನೀ ಏನ್ ಕೆಲಸ ಮಾಡ್ತಿಯವ್ವ?”

“ಕಂಪ್ಯೂಟರ್ ಅಂಗಡಿ ಅದರಿ ಆಯಿ. ವೆಬ್‌ಸೈಟ್ ಮಾಡ್ತೀನ್ರಿ.”

ಸಾಹುಕಾರರಿಗೆ ಕಿವಿ ನೆಟ್ಟಗಾಯಿತು. “ಹಂಗಾದ್ರ ನಮ್ಮ ಹಾಲಿಂದೂ ಒಂದು ಮಾಡಿ ಕೊಡು ತಂಗಿ. ಪರಾಯವ್ರಿಗಿ ಯಾಕ ಕೊಡಾದು?”

ಆಯಿ ಎದ್ದು ಸೀರೆ ಕೊಡವಿಕೊಂಡು, “ಮಾಡ್ಲಿ, ನೋಡಮು. ಅಕ್ಕನ ಕೆಲಸ ನೋಡಿದ್ರ ತಂಗಿದು ತಿಳಿತದ” ಅಂದರು.

ತಂಗಿ ಅವತ್ತು ಒಳಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. “ಅಕ್ಕಾ, ನೀ ನಿನ್ನ ಜಾಣತನ ಎಲ್ಲಾ ಬಿಟ್ಟು ಬರಾಬರ್ ಕೆಲಸ ಮಾಡು” ಅಂದಳು. ಪರೀಕ್ಷೆ ಅವಳದು, ಬರೆಯಬೇಕಾದವಳು ನಾನು. 

೨. ಬಿಳಿ ಸೀರೆ

ಮದುವೆ ಹಾಲುಗಳಿಗೆಂದೇ ಮಾಡಿದ ಒಂದು ಚಂದದ ಥೀಮ್ ಆರಿಸಿ ಕೂಡಿಸಿದೆ. ಬಣ್ಣ ಹೇಗಿದೆ ಹೇಳಲಿ ಅಂತ ಸಾಹುಕಾರರಿಗೊಂದು ಲಿಂಕ್ ಕಳಿಸಿ, “ಬಣ್ಣ ಅಷ್ಟೇ ನೋಡ್ರಿ, ಉಳಿದದ್ದು ಮಾದರಿ, ಇನ್ನೂ ತೆಗಿಬೇಕು” ಅಂತ ಬರೆದೆ. ಅವರು ಬರಹ ಓದಲಿಲ್ಲ, ಲಿಂಕ್ ಒತ್ತಿದರು. ಒತ್ತಿದ್ದಷ್ಟೇ ಅಲ್ಲ, ಹಾಲಿನ ಆಫೀಸಿನಲ್ಲಿರುವ ಗೋಡೆಯಗಲದ ಟೀವಿಗೆ ಹಾಕಿ ಮನೆಮಂದಿಯನ್ನೆಲ್ಲ ಕರೆದು ಕೂರಿಸಿದರು.

ಫೋನ್ ಬಂತು. ಸಾಹುಕಾರರ ದನಿ ಸಣ್ಣಗಾಗಿತ್ತು. “ತಂಗಿ, ಜರಾ ಆಯಿ ಕೂಡ ಮಾತಾಡು.”

ಥೀಮಿನ ಮೊದಲ ಪುಟದಲ್ಲಿ ಯಾವುದೋ ದೇಶದ ಮದುಮಗಳು. ಕಾಲಿನವರೆಗೆ ಬಿಳಿ ನಿಲುವಂಗಿ, ತಲೆಯ ಮೇಲೆ ಬಿಳಿ ಸೆರಗು, ಕೈಯಲ್ಲಿ ಬಿಳಿ ಹೂವಿನ ಗೊಂಚಲು, ತಲೆ ತಗ್ಗಿಸಿ ನಿಂತಿದ್ದಾಳೆ. ಹಿಂದೆ ಕರಿ ಕೋಟಿನ ಗಂಡಸರು ಸಾಲಾಗಿ ನಿಂತಿದ್ದಾರೆ.

ಆಯಿ ಫೋನಿನಲ್ಲಿ ಮರುಗಿದರು: “ಯವ್ವಾ, ಈ ಹುಡುಗಿಗಿ ಹಣಿಮ್ಯಾಗ ಕುಂಕುಮ ಇಲ್ಲ, ಕೈಯಾಗ ಬಳಿ ಇಲ್ಲ. ಇಷ್ಟ್ ಮಂದಿ ಕಟ್ಕೊಂಡು ಯಾರ ಹೆಣದ ಹಿಂದ ಮಣ್ಣಿಗಿ ಹೊಂಟಾಳ?”

ಊಟದ ತಟ್ಟೆ ಬಿಟ್ಟು ಎದ್ದು ಆ ಫೋಟೋ ತೆಗೆದು, ಅಲ್ಲಿ ಹಸಿರು ಸೀರೆಯ, ಮೊಳಕೈವರೆಗೆ ಬಳೆ ತೊಟ್ಟ ಹುಡುಗಿಯ ಫೋಟೋ ಹಾಕಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. ಆಯಿಯೇ. “ಈಗ ಬರಾಬರ್ ಆತು. ಆದ್ರ ಆ ಪೋರಿ ಎಲ್ಲಿ ಹೋದ್ಲು? ಜೋಡಿ ಯಾರನ್ನರ ಕೊಟ್ಟ್ ಕಳಿಸಿಯಿಲ್ಲೋ?”

೩. ಮೇಲ್ದರ್ಜೆಯ ಇಂಗ್ಲಿಷ್

ಇದು ಸಣ್ಣದು. ಆದರೆ ಇದರಲ್ಲೂ ನನ್ನ ಜೀವ ಹೋಗಿ ಬಂತು.

ಥೀಮಿನಲ್ಲಿ ‘ನಮ್ಮ ಬಗ್ಗೆ’ ಅನ್ನುವ ಕಡೆ ಮಾದರಿಗೆಂದು ಲ್ಯಾಟಿನ್ ಹೋಲುವ ಬರಹ ತುಂಬಿರುತ್ತದೆ. ಅದಕ್ಕೆ ತಲೆಬುಡ ಏನೂ ಇಲ್ಲ. ಅಕ್ಷರ ಹೇಗೆ ಕಾಣುತ್ತದೆ ಅಂತ ತೋರಿಸಲಿಕ್ಕೆ ಅಷ್ಟೇ. ಸಾಹುಕಾರರು ಅದನ್ನು ತೂಗಿ ನೋಡಲು ತಮ್ಮ ಗೆಳೆಯರಾದ, ರಿಟೈರ್ ಆದ ಇಂಗ್ಲಿಷ್ ಮಾಸ್ತರರನ್ನು ಕರೆಸಿದರು. ನಾನು ಅವತ್ತು ಅಲ್ಲೇ ಇದ್ದೆ. ‘ಇದೇನು ಬರೆದಿದ್ದೀ’ ಅಂತ ಕೇಳಿದರೆ ಏನು ಹೇಳುವುದು ಅಂತ ಬಾಗಿಲ ಪಕ್ಕದ ಕುರ್ಚಿ ಹಿಡಿದು ಕೂತೆ.

ಮಾಸ್ತರರು ಕನ್ನಡಕ ಏರಿಸಿ ಇಡೀ ಪುಟ ಓದಿದರು. ನಡುವೆ ಎರಡು ಕಡೆ ತಲೆಯಾಡಿಸಿದರು. ಒಂದು ಕಡೆ ನಕ್ಕರು. ಕೊನೆಗೆ ಸಾಹುಕಾರರ ಕಡೆ ತಿರುಗಿ ಹೇಳಿದರು:

“ಭಾಷಾ ಭಾಳ ಎತ್ತರದ್ದು ಅದ. ಆದ್ರ ಊಟದ ವಿಷಯ ಇನ್ನಾ ಜರಾ ವಿವರ ಬರಿಬೇಕಾಗಿತ್ತು.”

೪. ಹುಗ್ಗಿ ತಿರುವುವವನು

ಅಲ್ಲಿಯವರೆಗೆ ನಡೆದದ್ದು ತಮಾಷೆ. ಇಲ್ಲಿಂದ ಮುಂದೆ ನನಗೆ ನಗು ಬರಲಿಲ್ಲ. ಈಗ ಬರೆಯುವಾಗ ಬರುತ್ತಿದೆ.

ಆ ಹಾಲಿಗೆ ಒಬ್ಬ ಖಾಯಂ ಅಡುಗೆಯವನು. ವಯಸ್ಸಾದವನು, ಎಲ್ಲರೂ ಕಾಕಾ ಅನ್ನುತ್ತಾರೆ. ಅವನು ಮಾಡುವ ಗೋಧಿ ಹುಗ್ಗಿಗಾಗಿಯೇ ಹಾಲ್ ಹಿಡಿಯುವವರಿದ್ದಾರೆ. ಮರುದಿನ ಒಂದು ಮದುವೆ ಇತ್ತು, ಕಾಕಾ ಗೋಧಿ ನೆನೆಸಿ ಆಫೀಸಿಗೆ ಬೆಲ್ಲ ಕೇಳಲು ಬಂದಿದ್ದಾನೆ. ಟೀವಿ ಮೇಲೆ ‘ನಮ್ಮ ಬಳಗ’ ಅನ್ನುವ ಪುಟ. ಅದರಲ್ಲಿ ಎದೆ ಮೇಲೆ ಕೈ ಕಟ್ಟಿ, ಉದ್ದನೆ ಬಿಳಿ ಟೊಪ್ಪಿಗೆ ಹಾಕಿ, ಕೆಂಪು ಗಲ್ಲದ ಒಬ್ಬ ಪರದೇಶಿ ನಗುತ್ತಿದ್ದಾನೆ. ಕೆಳಗೆ ‘ಮುಖ್ಯ ಅಡುಗೆಯವರು’ ಅಂತಿದೆ. ಮಾದರಿ ಫೋಟೋದ ಕೆಳಗೆ ಅದನ್ನು ಕನ್ನಡದಲ್ಲಿ ಬರೆದದ್ದು ನನ್ನದೇ ಕೈ. ಫೋಟೋ ಬದಲಿಸುವುದು ನಾಳೆಗೆ ಇಟ್ಟುಕೊಂಡಿದ್ದೆ.

ಕಾಕಾ ಬೆಲ್ಲ ಕೇಳಲಿಲ್ಲ. ಕೈಯಲ್ಲಿದ್ದ ಮರದ ಸೌಟು ಕೆಳಗಿಟ್ಟ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಸಾಹುಕಾರರು ಫೋನ್ ಮಾಡಿದರು. “ಜಲ್ದಿ ಬಾ ತಂಗಿ, ನಾಳಿ ಮದುವಿ ಅದ, ಕಾಕಾ ಗಂಟು ಕಟ್ಟ್ಯಾನ!” ಅಂಗಡಿ ಶಟರ್ ಎಳೆದು ಓಡಿ ಸುರಪುರದ ಬಸ್ ಹಿಡಿದೆ. ದಾರಿಯಲ್ಲೇ ಮೊಬೈಲಿನಿಂದ ಆ ಫೋಟೋ ತೆಗೆಯೋಣ ಅಂದರೆ ಬತ್ತದ ಗದ್ದೆಗಳ ನಡುವೆ ನೆಟ್‌ವರ್ಕ್ ಇಲ್ಲ. ಡ್ರೈವರ್ ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಾ ಆರಾಮಾಗಿ ಹೊಡೆಯುತ್ತಿದ್ದ. ತಂಗಿಯ ಮದುವೆ ಅಲ್ಲೇ ಗದ್ದೆಯ ಕೆಸರಿನಲ್ಲಿ ಹೂತುಹೋದ ಹಾಗೆ ಅನ್ನಿಸಿತು.

ನಾನು ಹೋಗುವಷ್ಟರಲ್ಲಿ ಕಾಕಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. “ಅವನ ಕಡಿಂದನ ಮಾಡಿಸ್ಕೋರಿ! ಕಡಾಯಿ ಮುಂದ ನಿಂತು ಹುಗ್ಗಿ ತಿರುವಿದ್ರ ಆ ಟೊಪಿಗಿ ಹುಗ್ಗ್ಯಾಗ ಬೀಳ್ತದ, ಅದನ್ನೂ ಮಂದಿಗಿ ಬಡಸ್ರಿ!”

“ಕಾಕಾ, ಅವ ಖರೇ ಅಡಿಗಿಯಾಂವ ಅಲ್ಲೋ” ಅಂದೆ. “ನೋಡು, ನಿನ್ನ ಕಣ್ಣ ಮುಂದ ತೆಗಿತೀನಿ.”

ಒಂದು ಬೆರಳು ಒತ್ತಿದೆ. ಟೊಪ್ಪಿಗೆಯವನು ಟೀವಿಯಿಂದ ಮಾಯ. ಕಾಕಾನ ಫೋಟೋ ಹೊಡೆದು ಅದೇ ಜಾಗಕ್ಕೆ ಕೂರಿಸಿದೆ. ಅವನು ದೂರದಿಂದ ನೋಡಿದ, ಹತ್ತಿರದಿಂದ ನೋಡಿದ. ಗಂಟು ಬಿಚ್ಚಿದ. ಬಿಚ್ಚುತ್ತಾ ಮೆಲ್ಲಗೆ ಕೇಳಿದ: “ಅಂಥಾ ಟೊಪಿಗಿ ಎಲ್ಲಿ ಸಿಗ್ತಾವವ್ವ?”

೫. ಹೊಟ್ಟೆ ಮೇಲೆ ಹೊಡೆದವಳು

ಮದುವೆ ಉಳಿಯಿತು, ಹುಗ್ಗಿ ಉಳಿಯಿತು ಅಂತ ಉಸಿರು ಬಿಟ್ಟು ತಿರುಗಿದರೆ ಹಿಂದೆ ಆಯಿ ಕುರ್ಚಿಯಲ್ಲಿ ಕೂತಿದ್ದಾರೆ. ಎಲ್ಲಾ ನೋಡಿದ್ದಾರೆ.

“ಎಲ್ಲಿ ಹೋದ್ನವ ಅವ?”

“ಯಾರ್ರಿ ಆಯಿ?”

“ಬಿಳಿ ಟೊಪಿಗಿಯಾಂವ. ನಕ್ಕೋತ ನಿಂತಿದ್ನಲ್ಲ.”

“ಅವನ್ನ ತೆಗದ್ನ್ರಿ.”

ಆಯಿಯ ಮುಖ ಗಂಟಿಕ್ಕಿತು. “ತೆಗದಿ? ಕರೆದು ಒಂದು ಮಾತಿಲ್ಲ, ಕತಿಯಿಲ್ಲ. ಉಂಡಾನೋ ಇಲ್ಲೋ ಕೇಳ್ಲಿಲ್ಲ. ದೂರದ ಮನಷ್ಯಾ, ಮನಿಮಾರು ಬಿಟ್ಟು ಹೊಟ್ಟಿಪಾಡಿಗಿ ಬಂದಾನ. ಒಂದ ಬಟ್ಟು ಒತ್ತಿ ನೌಕ್ರಿ ಕಳದಿ!”

“ಆಯಿ, ಅವ ಇಲ್ಲಿಗಿ ಬಂದೇ ಇಲ್ರಿ. ಮಾದರಿ ಅದು. ಬರೇ ಫೋಟೋ.”

“ಫೋಟೋ ಹಿಡಿಬೇಕಾದ್ರ ಎದುರಿಗಿ ಮನಷ್ಯಾ ನಿಂತಿರಬೇಕಲ್ಲ?”

ಅದೂ ನಿಜವೇ. ಆ ಮನುಷ್ಯ ಎಲ್ಲೋ ಇದ್ದೇ ಇರಬೇಕಲ್ಲ.

ಆಯಿ ಎದ್ದು ನಿಂತರು. “ಬಡವರ ಹೊಟ್ಟಿ ಮ್ಯಾಲ ಹೊಡಿಯಾ ಮನಿತನದ ಹುಡುಗಿನ ನಾ ಹೆಂಗ ತರ್ಲಿ? ನಾಳಿ ನನಗೂ ವಯಸ್ಸಾಗ್ತದ. ನನ್ನೂ ಹಿಂಗೇ ಬಟ್ಟು ಒತ್ತಿ ತೆಗದ್ರ?”

ಆಯಿಗೆ ವಯಸ್ಸಾಗುವುದು ಇನ್ನೂ ಬಾಕಿ ಇದೆ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು.

೬. ಕೆಂಪು ತಾರೀಖು

ಮನೆಯಲ್ಲಿ ತಂಗಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಪಾಡಿತ್ತು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕೈ ನಿಲ್ಲಿಸಿ ಒಲೆಯನ್ನೇ ನೋಡುತ್ತಿದ್ದಳು. ಹುಡುಗ ಫೋನ್ ಮಾಡಿ, ಲಿಂಗಸೂಗೂರಿನ ಕಡೆಯಿಂದ ಇನ್ನೊಂದು ಹೆಣ್ಣಿನ ಫೋಟೋ ಬಂದಿದೆ, ಆಯಿ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ ಅಂತ ಹೇಳಿದ. ನನಗೆ ನಿಜವಾಗಿ ಭಯವಾಯಿತು. ಯಾವನೋ ಪರದೇಶಿಯ ಟೊಪ್ಪಿಗೆಗಾಗಿ ನನ್ನ ತಂಗಿಯ ಸಂಬಂಧ ಮುರಿಯುವುದೇ! ಅವನನ್ನು ಮತ್ತೆ ಹಾಕಿಬಿಡಲೇ ಅಂತ ಕೂಡ ಯೋಚಿಸಿದೆ. ಹಾಕಿದರೆ ಕಾಕಾ ಹೋಗುತ್ತಾನೆ, ಹಾಕದಿದ್ದರೆ ಆಯಿ ಒಪ್ಪುವುದಿಲ್ಲ.

ಇಂಥ ಹೊತ್ತಿನಲ್ಲೇ ಸಾಹುಕಾರರ ಇನ್ನೊಂದು ಫೋನ್. ಈ ಸಲ ಬೆಂಕಿ.

“ಮುಂದಿನ ಮುಹೂರ್ತ ಎಲ್ಲಾ ಯಾರಿಗಿ ಕೊಟ್ಟಿ? ಸಗರದಿಂದ ಗಿರಾಕಿ ಬಂದಾರ, ಟೀವ್ಯಾಗ ಎಲ್ಲಾ ತಾರೀಖು ಕೆಂಪಗ ಅದಾವ!”

ಥೀಮಿನ ಕ್ಯಾಲೆಂಡರಿನಲ್ಲಿ ಮಾದರಿಗೆಂದು ಸುಮಾರು ತಾರೀಖುಗಳನ್ನು ‘ಬುಕ್ ಆಗಿದೆ’ ಅಂತ ಕೆಂಪು ಮಾಡಿರುತ್ತಾರೆ. ಅಡುಗೆಯವನ ಗದ್ದಲದಲ್ಲಿ ಅದನ್ನು ನಾನು ಮುಟ್ಟಿಯೇ ಇರಲಿಲ್ಲ. “ಈಗ ತೆಗಿತೀನ್ರಿ ಸಾಹುಕಾರ್ರ, ಸುಳ್ಳು ಅವು” ಅಂತ ಮೌಸ್ ಹಿಡಿದೆ.

“ತಡಿ, ತಡಿ” ಅಂದರು. ಫೋನಿನ ಹಿಂದೆ ಯಾರೋ ಅವರಿಗೆ ಕೈಮುಗಿದು ಕೇಳಿಕೊಳ್ಳುವುದು ಕೇಳಿಸುತ್ತಿತ್ತು. ಹಾಲ್ ಖಾಲಿ ಇದೆ ಅಂದರೆ ದರ ಇಳಿಸಲು ಜಗ್ಗಾಡುತ್ತಿದ್ದ ಜನ, ಸಿಗುವುದಿಲ್ಲ ಅಂದ ಕೂಡಲೇ ಹೇಗಾದರೂ ಬೇಕೇಬೇಕು ಅನ್ನತೊಡಗಿದ್ದರು. ಸಗರದವರು ಮರುದಿನ ದೊಡ್ಡವರಿಂದ ಹೇಳಿಸಿ ವಶೀಲಿ ಹಚ್ಚಿದರು. ಅವರನ್ನು ನೋಡಿ ಯಾದಗಿರಿಯವರು ಅವರಿಗಿಂತ ದೊಡ್ಡ ವಶೀಲಿ ಹಚ್ಚಿದರು. ಒಬ್ಬರಂತೂ ಬುಟ್ಟಿ ತುಂಬ ಬಾಳೆಹಣ್ಣು ತಂದು, ಯಾರಾದರೂ ಮದುವೆ ಮುರಿದುಕೊಂಡರೆ ಮೊದಲು ತಮಗೇ ಹೇಳಬೇಕು ಅಂತ ಮಾತು ತೆಗೆದುಕೊಂಡು ಹೋದರು. ಸಾಹುಕಾರರು ಒಬ್ಬೊಬ್ಬರಿಗೂ ಬಹಳ ಕಷ್ಟಪಟ್ಟು, ನಿಟ್ಟುಸಿರು ಬಿಟ್ಟು, ಖಾಲಿ ಇದ್ದ ತಾರೀಖನ್ನೇ ಉಪಕಾರದಂತೆ ಕೊಟ್ಟರು.

ವಾರ ಕಳೆಯುವುದರೊಳಗೆ ಸುಳ್ಳು ಕೆಂಪೆಲ್ಲ ಖರೇ ಕೆಂಪಾಯಿತು. ಸಾಹುಕಾರರು ನನಗೆ ಫೋನ್ ಮಾಡಿ, “ತಂಗಿ, ನಿನ್ನ ಕೈಗುಣ ಛಲೋ ಅದ” ಅಂದರು. ಆಮೇಲೆ ದನಿ ತಗ್ಗಿಸಿ ಸೇರಿಸಿದರು: “ಆ ಟೊಪಿಗಿಯಾಂವ ಒಬ್ಬವ ಎಲ್ಲಿದ್ದಾನಂತ ತಿಳಿದ್ರ, ನಮ್ಮವ್ವನ್ನ ಒಪ್ಪಸ್ಬಹುದಾಗಿತ್ತು.”

೭. ಎದುರಾಳಿಯ ಹಾಲಿನಲ್ಲಿ

ಸಾಹುಕಾರರು ಗಟ್ಟಿ ಮನಸ್ಸು ಮಾಡಿದರು. ಮೊದಲು ಮುಹೂರ್ತ ಹಿಡಿಯೋಣ, ಆಯಿಯನ್ನು ಆಮೇಲೆ ಒಪ್ಪಿಸೋಣ ಅಂದರು. ಐನವರು ಮುಹೂರ್ತ ತೆಗೆದರು. ತಮ್ಮದೇ ಹಾಲಿನ ಕ್ಯಾಲೆಂಡರ್ ತೆರೆದು ನೋಡಿದರೆ ಆ ದಿನ ಕೆಂಪು. ಅದರ ಹಿಂದಿನದೂ ಕೆಂಪು, ಮುಂದಿನದೂ ಕೆಂಪು. ಸಗರದವರನ್ನು ಬಿಟ್ಟುಕೊಡಿ ಅಂತ ಕೇಳಿದರೆ, “ಇಷ್ಟ್ ದೊಡ್ಡ್ ವಶೀಲಿ ಹಚ್ಚಿ ತಗೊಂಡೀವ್ರಿ, ಹೆಂಗ ಬಿಡಾಕ ಬರ್ತದ?” ಅಂದರಂತೆ.

ಕೊನೆಗೆ, ಹಾಲಿನ ಮಾಲೀಕರು ಮಗನ ಮದುವೆಗೆ ಹಾಲ್ ಹುಡುಕಿಕೊಂಡು ಶಹಾಪುರಕ್ಕೆ, ತಮ್ಮ ಎದುರಾಳಿಯ ಹಾಲಿಗೇ ಬಂದರು. ಮುಖ ಟವೆಲಿನಿಂದ ಅರ್ಧ ಮುಚ್ಚಿಕೊಂಡಿದ್ದರು. ಜೊತೆಗೆ ಹುಡುಗ, ನಾನು, ತಂಗಿ. ಬೇಡವೆಂದರೂ ಕೇಳದೆ ಆಯಿ. “ಮದುವಿ ಆಗ್ತದ ಅಂತ ನಾ ಹೇಳಿಲ್ಲ. ಊಟದ ಮನಿ ನೋಡಾಕ ಬಂದೀನಿ” ಅಂದರು. ಲಿಂಗಸೂಗೂರಿನ ಫೋಟೋ ಅವರ ಸೊಂಟದ ಚೀಲದಲ್ಲೇ ಇತ್ತು, ಅದರ ತುದಿ ಹೊರಗೆ ಕಾಣುತ್ತಿತ್ತು. ತಂಗಿ ಅದನ್ನು ನೋಡಬಾರದು ಅಂತ ನಾನು ನಡುವೆ ನಿಂತೆ. ಅವಳು ಮೊದಲೇ ನೋಡಿದ್ದಳು.

ಆ ಹಾಲಿನ ಮ್ಯಾನೇಜರ್ ಬಲು ಮಾತುಗಾರ. “ಕೂಡ್ರಿ, ನಮ್ಮ ಹಾಲಿನ ವೆಬ್‌ಸೈಟ್ ತೋರಸ್ತೀನಿ” ಅಂತ ಟೀವಿ ಹಚ್ಚಿದ. ಪುಟ ಕೆಳಗಿಳಿಯಿತು, ಇನ್ನಷ್ಟು ಇಳಿಯಿತು. ಅವರಿಗೆ ಯಾರು ಮಾಡಿಕೊಟ್ಟಿದ್ದರೋ, ಅದೇ ಥೀಮ್! ಮಾದರಿ ಫೋಟೋಗಳನ್ನು ಯಾರೂ ತೆಗೆದೇ ಇರಲಿಲ್ಲ. ಎದೆ ಮೇಲೆ ಕೈ ಕಟ್ಟಿ, ಉದ್ದನೆ ಬಿಳಿ ಟೊಪ್ಪಿಗೆ ಹಾಕಿ, ಕೆಂಪು ಗಲ್ಲದಲ್ಲಿ ನಗುತ್ತಾ ನಿಂತಿದ್ದಾನೆ.

ಆಯಿ ಕುರ್ಚಿಯಿಂದ ಎದ್ದರು. ಟೀವಿಯ ಹತ್ತಿರ ಹೋದರು.

“ಇವ ಇಲ್ಲಿ ಅದಾನ?”

ಮ್ಯಾನೇಜರನಿಗೆ ಗಿರಾಕಿ ಬಲೆಗೆ ಬಿತ್ತು ಅನ್ನಿಸಿತು. “ಹೌದ್ರಿ ಆಯಿ! ನಮ್ಮ ಹೆಡ್ ಅಡಿಗಿಯವ್ರು. ಭಾಳ ಫೇಮಸ್ಸು. ನಿಮ್ಮ ಮದುವಿಗೂ ಇವ್ರೇ ಮಾಡ್ತಾರ.”

ಆಯಿಯ ಮುಖ ಸಡಿಲವಾಯಿತು. ದೊಡ್ಡ ಭಾರ ಇಳಿಸಿದವರಂತೆ ಉಸಿರು ಬಿಟ್ಟರು. “ಪಾಪ, ಛಲೋ ಆತು. ಇಲ್ಲಿ ಕೆಲಸಕ್ಕ ಹತ್ಯಾನ. ಹೊಸದಾಗಿ ಬಂದಾನ, ಹೌದಿಲ್ಲೋ?”

ಅಷ್ಟಕ್ಕೇ ‘ಹೌದು’ ಅಂದಿದ್ದರೆ ಸಾಕಿತ್ತು. ನಾನು ಮನಸ್ಸಿನಲ್ಲೇ ಅವನಿಗೆ ಕೈಮುಗಿದೆ. ಆದರೆ ಮ್ಯಾನೇಜರನಿಗೆ ತನ್ನ ಹಾಲಿನ ಮರ್ಯಾದೆ.

“ಹೊಸದಾ? ಏನ್ ಮಾತಾಡ್ತಿರಿ! ಹಾಲ್ ಶುರು ಆದಾಗಿಂದ ಇಲ್ಲೇ ಅದಾರ. ಒಂದಿನ ರಜಾ ಮಾಡಿಲ್ಲ!”

ಆಯಿ ಮೆಲ್ಲಗೆ ತಿರುಗಿದರು. ಸಾಹುಕಾರರು ಟವೆಲನ್ನು ಇನ್ನಷ್ಟು ಮೇಲೆಳೆದುಕೊಂಡರು. ತಂಗಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಂಗುರ ಚುಚ್ಚಿತು. ಈಗ ನಿಜ ಹೇಳಬೇಕೇ ಅಂತ ಬಾಯಿ ತೆರೆದೆ.

“ಅಂದ್ರ ನಮ್ಮಲ್ಲಿ ಇದ್ದಾಗ ಇಲ್ಲೂ ಇದ್ದ!” ಅಂತ ಆಯಿ ಗುಡುಗಿದರು. “ಎರಡೂ ಕಡಿ ಪಗಾರ! ಎರಡೂ ಕಡಿ ಊಟ! ಅದಕ್ಕೇ ಗಲ್ಲ ಹಂಗ ಕೆಂಪಗ ಆಗ್ಯಾವ. ಮುಖ ನೋಡಿ ನಾ ಮರುಗಿದ್ನಲ್ಲ!”

ನಾನು ತೆರೆದ ಬಾಯಿ ಮುಚ್ಚಿದೆ. ಥೀಮ್ ಅಂದರೇನು ಅಂತ ಸಿಕ್ಕಸಿಕ್ಕವರಿಗೆಲ್ಲ ವಿವರಿಸುವವಳು ಅವತ್ತು ಒಂದು ಅಕ್ಷರ ವಿವರಿಸಲಿಲ್ಲ.

ಆಯಿ ನನ್ನ ಹತ್ತಿರ ಬಂದು ಗದ್ದ ಹಿಡಿದರು. “ಮನಿಮಂದಿಗಿ ಯಾರಿಗೂ ತಿಳಿದಿದ್ದಿಲ್ಲವ್ವ. ನೀ ಒಬ್ಬಾಕಿ ಗುರ್ತು ಹಿಡದಿ. ಒಂದ ಬಟ್ಟು ಒತ್ತಿ ಕಳ್ಳನ್ನ ಹೊರಗ ಹಾಕಿದಿ.” ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ, ಲಿಂಗಸೂಗೂರಿನ ಫೋಟೋವನ್ನು ಮಗನ ಕೈಗೆ ತುರುಕಿ, ತಂಗಿಯನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. “ಇಂಥ ಅಕ್ಕನ ತಂಗಿ ಮನ್ಯಾಗ ಇದ್ರ ಯಾವ ಕಳ್ಳ ಒಳಗ ಬರ್ತಾನ? ಸಕ್ಕರಿ ತರ್ರೋ!”

ಅಲ್ಲಿಯೇ, ಎದುರಾಳಿಯ ಆಫೀಸಿನಲ್ಲೇ, ಅವರ ಚಹಾದ ಸಕ್ಕರೆ ಡಬ್ಬಿಯಿಂದಲೇ ಸಕ್ಕರೆ ಹಂಚಿದೆವು. ತಂಗಿ ಅಳುತ್ತಾ ನಗುತ್ತಿದ್ದಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಟೀವಿಯ ಮೇಲೆ ಟೊಪ್ಪಿಗೆಯವನೊಬ್ಬನೇ ಏನೂ ಆಗದವನಂತೆ ನಗುತ್ತಿದ್ದ.

ಮದುವೆ ಅದೇ ಹಾಲಿನಲ್ಲಿ ಆಯಿತು. ಅಡುಗೆಗೆ ಮಾತ್ರ ನಮ್ಮ ಕಾಕಾನೇ ಬರಬೇಕು ಅಂತ ಆಯಿ ಹಟ ಹಿಡಿದರು. ನಾನು ಹೊಲಿಸಿಕೊಟ್ಟ ಬಿಳಿ ಟೊಪ್ಪಿಗೆ ಹಾಕಿಕೊಂಡು ಕಾಕಾ ಹುಗ್ಗಿ ತಿರುವುತ್ತಿದ್ದ. ಅಕ್ಕಿಕಾಳು ಬೀಳುವ ಹೊತ್ತಾದರೂ ಮಂಟಪದ ಹತ್ತಿರ ಆಯಿ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಅಡುಗೆಮನೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಸಿಕೊಂಡು, ಕೈಯಲ್ಲಿ ಕೋಲು ಹಿಡಿದು ಕೂತಿದ್ದಾರೆ.

“ಆಯಿ, ಅಕ್ಕಿಕಾಳಿನ ಹೊತ್ತಾತು, ಬರ್ರಿ.”

“ನೀ ನಡಿಯವ್ವ” ಅಂದರು, ಬಾಗಿಲಿನ ಮೇಲಿಂದ ಕಣ್ಣು ತೆಗೆಯದೆ. “ಇಂದು ದೊಡ್ಡ ಊಟ ಅದ. ಅವ ಬಂದೇ ಬರ್ತಾನ.”